ಆಷಾಢದ ಒಂದು ತಿಂಗಳು ಸಾಕ್ಷ್ಯಚಿತ್ರಗಳಿಗೆ ಸಿಗಲಿ: ಚಲನಚಿತ್ರ ಅಕಾಡೆಮಿಗೂ ಅವಳಿ ನಗರದ ಚಿತ್ರಮಂದಿರಗಳ ಮಾಲೀಕರಿಗೂ ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಹಾಗೂ ಸದಸ್ಯರು, ಕರ್ನಾಟಕ ಚಲನಚಿತ್ರ ಅಕಾಡೆಮಿ, ಬೆಂಗಳೂರು;
ಹುಬ್ಬಳ್ಳಿ-ಧಾರವಾಡದ ಚಿತ್ರಮಂದಿರಗಳ ಮಾಲೀಕರು.

ಮಾನ್ಯರೇ,

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನದಿಂದ ನಾಗರ ಅಮಾವಾಸ್ಯೆಯವರೆಗಿನ ಆಷಾಢ ಮಾಸದಲ್ಲಿ ಹುಬ್ಬಳ್ಳಿಯ ಒಂದು ಮತ್ತು ಧಾರವಾಡದ ಒಂದು ಚಿತ್ರಮಂದಿರವು ಪ್ರತಿ ಶನಿವಾರ ಹಾಗೂ ರವಿವಾರದ ಬೆಳಗಿನ ಆಟವನ್ನು ಸಾಕ್ಷ್ಯಚಿತ್ರಗಳಿಗೆ ಬಿಟ್ಟುಕೊಡಬೇಕು, ಚಿತ್ರ ಮುಗಿದ ಮೇಲೆ ಅದೇ ಕುರ್ಚಿಗಳಲ್ಲಿ ಕುಳಿತು ಒಂದು ತಾಸು ಮಾತಾಡಲು ಪ್ರೇಕ್ಷಕರಿಗೆ ಅವಕಾಶವಿರಬೇಕು, ಇದರ ಹೊಣೆಯನ್ನು ಅಕಾಡೆಮಿಯು ಪ್ರತಿವರ್ಷ ವಹಿಸಿಕೊಳ್ಳಬೇಕು ಎಂಬ ಬೇಡಿಕೆಯನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಕೆಲವು ಗೆಳೆಯರೊಂದಿಗೆ ಸೇರಿ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಶಾಲೆಗಳಲ್ಲಿ, ಸಮುದಾಯ ಭವನಗಳಲ್ಲಿ, ಗ್ರಂಥಾಲಯಗಳಲ್ಲಿ ಸಾಕ್ಷ್ಯಚಿತ್ರಗಳನ್ನು ತೋರಿಸುತ್ತ ಬಂದಿದ್ದೇನೆ. ಈ ಬೇಡಿಕೆ ಹುಟ್ಟಿದ್ದು ಆ ಕೆಲಸದಿಂದ.

ಮೊದಲು ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. 1972ರಲ್ಲಿ ಗಿರೀಶ ಕಾರ್ನಾಡರು ಕೇಂದ್ರ ಸರಕಾರದ ಫಿಲ್ಮ್ಸ್ ಡಿವಿಜನ್‌ಗಾಗಿ ದ. ರಾ. ಬೇಂದ್ರೆಯವರನ್ನು ಕುರಿತು ಒಂದು ಸಾಕ್ಷ್ಯಚಿತ್ರ ಮಾಡಿದರು. ಕರ್ನಾಟಕ ಕಾಲೇಜಿನಲ್ಲಿ ಓದಿ, ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟದಲ್ಲಿ ಸೇರುತ್ತಿದ್ದ ಸಾಹಿತಿಗಳ ಒಡನಾಟದಲ್ಲಿ ಬರಹಗಾರರಾಗಿ ಬೆಳೆದವರೊಬ್ಬರು ಸಾಧನಕೇರಿಯ ಕವಿಯನ್ನು ಸಾರ್ವಜನಿಕ ಹಣದಲ್ಲಿ ಚಿತ್ರಿಸಿಟ್ಟ ದಾಖಲೆ ಅದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರು ಮಾತಾಡುವುದನ್ನು ಕಣ್ಣಾರೆ ಕಂಡವರು ಊರಲ್ಲಿ ಈಗ ಕಡಿಮೆಯಾಗುತ್ತಿದ್ದಾರೆ. ನನ್ನ ತರಗತಿಯಲ್ಲಿ ಅವರ ಕವಿತೆ ಓದುವ ಮಕ್ಕಳು ಆ ಚಿತ್ರವನ್ನು ಧಾರವಾಡದ ಯಾವ ಚಿತ್ರಮಂದಿರದ ಪರದೆಯ ಮೇಲೂ ನೋಡಿಲ್ಲ. ನೋಡಿದ ನೆನಪಿರುವ ಒಬ್ಬರನ್ನೂ ನಾನು ಇದುವರೆಗೆ ಭೇಟಿಯಾಗಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಬಗೆಗೆ, ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಬಗೆಗೆ ಇರುವ ಸಾಕ್ಷ್ಯಚಿತ್ರಗಳ ಪಾಡೂ ಇದಕ್ಕಿಂತ ಬೇರೆಯಲ್ಲ. ಫಿಲ್ಮ್ಸ್ ಡಿವಿಜನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಂದಿಗೆ ವಿಲೀನವಾಯಿತು. ಅದರ ಸಂಗ್ರಹದಲ್ಲಿರುವ ಸಾವಿರಾರು ಚಿತ್ರಗಳಲ್ಲಿ ನಮ್ಮ ನೆಲದವು ಯಾವುವು ಎಂದು ಹುಡುಕಿ ಕೇಳುವವರು ಈ ಭಾಗದಿಂದ ಯಾರೂ ಇಲ್ಲದಿದ್ದರೆ ಅವು ಮುಂಬಯಿಯಲ್ಲೇ ಉಳಿಯುತ್ತವೆ.

ಸಾಕ್ಷ್ಯಚಿತ್ರವೆಂದೊಡನೆ ಹಿರಿಯರ ಮುಖದಲ್ಲಿ ಮೂಡುವ ನಿರುತ್ಸಾಹಕ್ಕೆ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ತನ್ನ ಪ್ರಚಾರ ಚಿತ್ರಗಳನ್ನು ಟಾಕೀಸುಗಳಲ್ಲಿ ಕಡ್ಡಾಯವಾಗಿ ತೋರಿಸುವ ನಿಯಮ ತಂದಿತು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಫಿಲ್ಮ್ಸ್ ಡಿವಿಜನ್ ಆರಂಭವಾದಾಗ ಆ ಕಡ್ಡಾಯವೂ ಮರಳಿ ಬಂದಿತು. ಪ್ರತಿ ಆಟಕ್ಕೆ ಮುನ್ನ ವಾರ್ತಾಚಿತ್ರವನ್ನೋ ಕಿರು ಸಾಕ್ಷ್ಯಚಿತ್ರವನ್ನೋ ತೋರಿಸುವುದು ಮತ್ತು ಅದಕ್ಕೆ ಬಾಡಿಗೆ ಕಟ್ಟುವುದು ಚಿತ್ರಮಂದಿರದ ಪರವಾನಗಿಯ ಷರತ್ತೇ ಆಗಿತ್ತು. ಆಣೆಕಟ್ಟು, ನೆರೆ, ಪಂಚವಾರ್ಷಿಕ ಯೋಜನೆಗಳನ್ನು ಹುಬ್ಬಳ್ಳಿಯ ಪ್ರೇಕ್ಷಕರು ನಾಯಕನ ಹಾದಿ ಕಾಯುತ್ತಲೇ ನೋಡಿದರು. ಅವುಗಳಲ್ಲಿ ಒಳ್ಳೆಯ ಚಿತ್ರಗಳೂ ಇದ್ದವು, ಧೈರ್ಯದ ಪ್ರಯೋಗಗಳೂ ಇದ್ದವು. ಆದರೆ ತಾನಾಗಿ ಆರಿಸಿಕೊಳ್ಳದ, ಪ್ರಶ್ನೆ ಕೇಳಲಾಗದ ಚಿತ್ರವನ್ನು ಯಾರು ತಾನೇ ತನ್ನದೆಂದುಕೊಂಡಾರು? 1990ರ ದಶಕದಲ್ಲಿ ಈ ಪದ್ಧತಿ ನಿಂತುಹೋಯಿತು. ಅದೇ ಹೊತ್ತಿಗೆ ಅಗ್ಗದ ವಿಡಿಯೊ ಕ್ಯಾಮೆರಾಗಳು ಬಂದು, ಸರಕಾರದ ಹಂಗಿಲ್ಲದ ಸಾಕ್ಷ್ಯಚಿತ್ರಗಳು ಹಿಂದೆಂದೂ ಇಲ್ಲದಷ್ಟು ಸಂಖ್ಯೆಯಲ್ಲಿ ತಯಾರಾಗತೊಡಗಿದವು. ಚಿತ್ರಗಳು ಜನರ ಹತ್ತಿರ ಬಂದ ಕಾಲದಲ್ಲಿಯೇ ಚಿತ್ರಮಂದಿರದ ಬಾಗಿಲು ಅವುಗಳಿಗೆ ಮುಚ್ಚಿತು.

ಇನ್ನು, ಮೂರು ದಿನದ ಉತ್ಸವ ಸಾಲದೇ, ತಿಂಗಳು ಏಕೆ ಎಂದು ತಾವು ಕೇಳಬಹುದು. ಉತ್ಸವಗಳ ಬಗ್ಗೆ ನನಗೆ ಅಗೌರವವಿಲ್ಲ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವವನ್ನು ಅಕಾಡೆಮಿ ನಡೆಸಿಕೊಂಡು ಬಂದಿದೆ. ಕೇರಳದ ಚಲನಚಿತ್ರ ಅಕಾಡೆಮಿ 2008ರಿಂದ ತಿರುವನಂತಪುರದಲ್ಲಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗಾಗಿಯೇ ಪ್ರತ್ಯೇಕ ಉತ್ಸವ ಮಾಡುತ್ತಿದೆ, ಅದಕ್ಕೆ ಅಲ್ಲಿನ ಸರಕಾರಿ ಚಿತ್ರಮಂದಿರಗಳೇ ತಾಣ. ಆದರೆ ಉತ್ಸವವು ರಜೆ ಹಾಕಿ ಬರಬಲ್ಲವರದು. ದಿನಕ್ಕೆ ನಾಲ್ಕೈದು ಚಿತ್ರಗಳ ಓಟದಲ್ಲಿ ಒಂದರ ಬಗ್ಗೆ ಮಾತು ಶುರುವಾಗುವಷ್ಟರಲ್ಲಿ ಇನ್ನೊಂದಕ್ಕೆ ಸಾಲು ಹಚ್ಚಬೇಕು. ದುರ್ಗದಬೈಲಿನ ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ, ಕುಂದಗೋಳದಿಂದ ಬರುವ ಶಿಕ್ಷಕಿಗೆ, ಕಲಘಟಗಿಯ ರೈತನಿಗೆ ಸತತ ಮೂರು ದಿನಗಳ ಬಿಡುವು ಎಲ್ಲಿಯದು? ತಿಂಗಳಾದರೆ ಒಂದು ರವಿವಾರ ತಪ್ಪಿದರೆ ಇನ್ನೊಂದು ಸಿಗುತ್ತದೆ. ಮೊದಲ ವಾರ ನೋಡಿದವರು ಹೇಳಿದ ಮಾತು ಎರಡನೆಯ ವಾರದವರನ್ನು ಕರೆತರುತ್ತದೆ. ನಮ್ಮ ಕಡೆ ಸಿನಿಮಾ ಓಡುವುದು ಈಗಲೂ ಜಾಹೀರಾತಿಗಿಂತ ಹೆಚ್ಚಾಗಿ ಬಾಯಿಮಾತಿನಿಂದಲೇ. ಫ್ರಾನ್ಸ್‌ನಲ್ಲಿ 2000ನೇ ಇಸವಿಯಿಂದ ಪ್ರತಿ ನವೆಂಬರ್ ತಿಂಗಳನ್ನು ಸಾಕ್ಷ್ಯಚಿತ್ರದ ತಿಂಗಳೆಂದು ಆಚರಿಸುತ್ತಾರೆ: ಸಣ್ಣ ಊರುಗಳ ಗ್ರಂಥಾಲಯಗಳು, ಸ್ವತಂತ್ರ ಚಿತ್ರಮಂದಿರಗಳು, ಶಾಲೆಗಳು ತಮಗೆ ಒಗ್ಗಿದ ದಿನ ಚಿತ್ರ ತೋರಿಸಿ, ಮಾಡಿದವರನ್ನು ಕರೆಸಿ ಮಾತಾಡಿಸುತ್ತವೆ. ಅಷ್ಟು ದೂರ ಹೋಗುವುದೂ ಬೇಡ. ಕೆ. ವಿ. ಸುಬ್ಬಣ್ಣನವರು 1970ರ ದಶಕದಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಕೆಲಸಗಾರರೂ ಶಾಲಾ ಮಾಸ್ತರರೂ ಒಟ್ಟಿಗೆ ಕುಳಿತು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ನೋಡಿ ಚರ್ಚಿಸುವುದು ಸಾಧ್ಯವೆಂದು ತೋರಿಸಿಕೊಟ್ಟಿದ್ದಾರೆ.

ಆಷಾಢವನ್ನು ನಾನು ಯೋಚಿಸಿಯೇ ಆರಿಸಿದ್ದೇನೆ. ಆ ತಿಂಗಳಲ್ಲಿ ಮದುವೆ ಮುಂಜಿವೆಗಳಿಲ್ಲ. ದೊಡ್ಡ ಚಿತ್ರಗಳ ಬಿಡುಗಡೆಯೂ ವಿರಳ. ಬೆಳಗಿನ ಆಟಕ್ಕೆ ಚಿತ್ರಮಂದಿರದ ಬಹುಪಾಲು ಕುರ್ಚಿಗಳು ಖಾಲಿ ಇರುತ್ತವೆಂಬುದು ಮಾಲೀಕರಿಗೇ ಚೆನ್ನಾಗಿ ಗೊತ್ತು. ಮುಂಗಾರು ಬಿತ್ತನೆ ಮುಗಿದಿರುತ್ತದೆ, ಮಳೆ ಹಿಡಿದ ದಿನ ಹೊಲಕ್ಕೆ ಕಾಲಿಡಲಾಗುವುದಿಲ್ಲ. ಸಂಜೆಯ ಆಟ ಬೇಡವೆನ್ನಲು ಕಾರಣ ಬಸ್ಸು. ರಾತ್ರಿ ಒಂಬತ್ತಕ್ಕೆ ಚರ್ಚೆ ಮುಗಿದರೆ ನವಲಗುಂದ, ಅಣ್ಣಿಗೇರಿ ಕಡೆಯ ಹೆಣ್ಣುಮಕ್ಕಳು ಊರು ಸೇರುವುದು ಹೇಗೆ? ಬೆಳಿಗ್ಗೆ ಹತ್ತಕ್ಕೆ ಚಿತ್ರ ಆರಂಭವಾಗಿ, ಹನ್ನೆರಡೂವರೆಯ ಒಳಗೆ ಮಾತೂ ಮುಗಿದರೆ ಅವರು ಹಗಲಿರುವಾಗಲೇ ಮನೆಗೆ ಹೋಗುತ್ತಾರೆ, ಮಾಲೀಕರಿಗೆ ಮ್ಯಾಟಿನಿಯೂ ಕೈತಪ್ಪುವುದಿಲ್ಲ. ಶನಿವಾರ ಹುಬ್ಬಳ್ಳಿಯಲ್ಲಿ ತೋರಿಸಿದ ಚಿತ್ರ ರವಿವಾರ ಧಾರವಾಡಕ್ಕೆ, ಧಾರವಾಡದ್ದು ಹುಬ್ಬಳ್ಳಿಗೆ ಅದಲುಬದಲಾದರೆ ಎರಡೂ ಊರಿನವರು ನಾಲ್ಕು ವಾರಗಳ ಎಂಟು ಚಿತ್ರಗಳನ್ನೂ ನೋಡಿದಂತಾಗುತ್ತದೆ. ದೂರದಿಂದ ಬಂದ ನಿರ್ದೇಶಕರು ಒಂದೇ ಪ್ರಯಾಣದಲ್ಲಿ, ನಡುವೆ ಚಿಗರಿ ಬಸ್ಸು ಹತ್ತಿ, ಎರಡೂ ಕಡೆ ಮಾತಾಡಬಹುದು.

ಮಾತುಕತೆಯ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯುವುದಕ್ಕೆ ಮುಖ್ಯ ಕಾರಣವೇ ಅದು. ಗದಗ-ಬೆಟಗೇರಿಯ ಸಮುದಾಯ ಭವನವೊಂದರಲ್ಲಿ ಬೇರೆ ರಾಜ್ಯದ ಕೈಮಗ್ಗ ನೇಕಾರರ ಬಗೆಗಿನ ಚಿತ್ರವನ್ನು ತೋರಿಸಿದ್ದೆವು. ಚಿತ್ರ ಮುಗಿದ ಮೇಲೆ ವಯಸ್ಸಾದ ನೇಕಾರರೊಬ್ಬರು ಎದ್ದು ನಿಂತು, “ಬರೇ ಕೈ ತೋರಿಸ್ಯಾರ್ರಿ. ಕುಣಿಮಗ್ಗ ನಡಿಯೂದು ಕಾಲಾಗ. ಕಾಲು ಒಮ್ಮೆನೂ ತೋರಿಸಲಿಲ್ಲ” ಎಂದರು. ಲಾಳಿ ಹಾಯುವ ಕೈ ನೋಡುವುದಕ್ಕೆ ಚೆಂದ, ಆದರೆ ದಿನವಿಡೀ ಕುಣಿಯಲ್ಲಿ ಇಳಿಬಿಟ್ಟು ತುಳಿಯುವ ಕಾಲಿಗೆ ಬರುವ ನೋವು ಚಿತ್ರದಲ್ಲಿ ಇರಲಿಲ್ಲ. ಅವರು ಕುಳಿತೊಡನೆ ಹಿಂದಿನ ಸಾಲಿನ ಹೆಣ್ಣುಮಗಳೊಬ್ಬಳು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಕೆಲಸಕ್ಕೆ ಚಿತ್ರದಲ್ಲಿಯೂ ಲೆಕ್ಕವಿಲ್ಲ, ಕೂಲಿಯಲ್ಲಿಯೂ ಲೆಕ್ಕವಿಲ್ಲ ಎಂದಳು. ಅಲ್ಲಿಂದ ಮಾತು ನೂಲಿನ ಬೆಲೆಗೆ, ಸಹಕಾರಿ ಸಂಘಕ್ಕೆ, ಮಗ್ಗ ಬಿಟ್ಟು ಹೋದ ಮಕ್ಕಳಿಗೆ ಹರಿಯಿತು. ಆ ಸಂಜೆ ನಾನು ಕಲಿತದ್ದನ್ನು ಆ ಚಿತ್ರವೊಂದರಿಂದಲೇ ಕಲಿಯಲಾಗುತ್ತಿರಲಿಲ್ಲ. ಚಿತ್ರ ಇಲ್ಲದಿದ್ದರೆ ಆ ಹಿರಿಯರೂ ಆ ಮಾತು ಎತ್ತುತ್ತಿರಲಿಲ್ಲ. ಮೊಬೈಲಿನಲ್ಲಿ ಒಬ್ಬೊಬ್ಬರೇ ನೋಡುವಾಗ ಇದು ನಡೆಯುವುದಿಲ್ಲ.

ಆದ್ದರಿಂದ ಚಿತ್ರದ ನಂತರ ಮೊದಲು ಮಾತಾಡಬೇಕಾದವರು ಆ ವಿಷಯವನ್ನು ಬದುಕಿದವರು. ಹತ್ತಿಯ ಬಗೆಗಿನ ಚಿತ್ರವಿದ್ದರೆ ಎರೆಹೊಲದ ರೈತರು ಇರಲಿ. ಜೊತೆಗೆ ಕೃಷಿ ವಿಶ್ವವಿದ್ಯಾಲಯದ ತಜ್ಞರೂ ಇರಲಿ, ಏಕೆಂದರೆ 1972ರಲ್ಲಿ ವರಲಕ್ಷ್ಮಿ ಎಂಬ ಸಂಕರಣ ಹತ್ತಿ ಹುಟ್ಟಿದ್ದು ಧಾರವಾಡದಲ್ಲಿಯೇ, ಅದರ ಹಿಂದೆ ಡಾ. ಬಿ. ಎಚ್. ಕಟರ್ಕಿಯವರ ದುಡಿಮೆಯಿತ್ತು. ಇಂಥ ಮಾತುಕತೆಗೆ ವೇದಿಕೆ ಬೇಡ. ಸ್ವಾಗತ, ಪ್ರಾರ್ಥನೆ, ಹಾರ, ಶಾಲು, ಆರು ಮಂದಿ ಅತಿಥಿಗಳ ಭಾಷಣ ಇವೆಲ್ಲ ಬೇರೆ ಸಮಾರಂಭಗಳಿಗೆ ಇರಲಿ. ಇಲ್ಲಿ ಇರುವ ಒಂದು ತಾಸಿನಲ್ಲಿ ಮುಕ್ಕಾಲು ತಾಸು ಪ್ರೇಕ್ಷಕರದೇ ಆಗಬೇಕು. ಮೈಕನ್ನು ಸಾಲಿನಿಂದ ಸಾಲಿಗೆ ಒಯ್ಯಲು ಇಬ್ಬರು ವಿದ್ಯಾರ್ಥಿಗಳು, ಮಾತು ದಾರಿ ತಪ್ಪದಂತೆ ನೋಡಿಕೊಳ್ಳುವ ಒಬ್ಬ ನಿರ್ವಾಹಕರು ಸಾಕು.

ದೂರದ ಊರಿನ ಚಿತ್ರವೂ ಇಲ್ಲಿಗೆ ಬಂದಾಗ ನಮ್ಮದಾಗುತ್ತದೆ. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿ ಸೀಮೆಯ ರೈತರು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡಲೊಪ್ಪದೆ, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹೋರಾಡಿ ಆ ಯೋಜನೆಯನ್ನು ನಿಲ್ಲಿಸಿದರು. ಅದೇ ಕಂಪನಿಯ ಎದುರು ಒಡಿಶಾದ ಜಗತ್‌ಸಿಂಗ್‌ಪುರದಲ್ಲಿ ವರ್ಷಗಟ್ಟಲೆ ನಡೆದ ಹೋರಾಟದ ಚಿತ್ರವನ್ನು ಇಲ್ಲಿಯವರು ನೋಡಿದರೆ ಅವರ ಪ್ರಶ್ನೆಗಳು ದಿಲ್ಲಿಯ ಪ್ರೇಕ್ಷಕರ ಪ್ರಶ್ನೆಗಳಾಗಿರುವುದಿಲ್ಲ. ಇನ್ನೆಲ್ಲೋ ಎರಡು ರಾಜ್ಯಗಳ ನಡುವೆ ಹರಿಯುವ ನದಿಯೊಂದರ ಚಿತ್ರ ಬಂದರೆ, 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿ ನೀರಿನ ಹಾದಿಯನ್ನು ಇಂದಿಗೂ ಕಾಯುತ್ತಿರುವವರ ಪಾಲಿಗೆ ಅದು ಪರರ ಕಥೆ ಹೇಗಾದೀತು? ಕಾರ್ಯಕ್ರಮ ರೂಪಿಸುವಾಗ 1980ರ ಜುಲೈ 21ರಂದು ನರಗುಂದ-ನವಲಗುಂದದಲ್ಲಿ ಗೋಲಿಬಾರಿಗೆ ಬಲಿಯಾದ ರೈತರ ಸ್ಮರಣೆಯ ದಿನ ಸಾಮಾನ್ಯವಾಗಿ ಆಷಾಢದಲ್ಲಿಯೇ ಬೀಳುತ್ತದೆಂಬುದನ್ನು ಮರೆಯಬಾರದು. ಆ ವಾರದ ಚಿತ್ರ ರೈತರದೇ ಆಗಿರಲಿ.

ಭಾಷೆಯ ತೊಡಕು ನಿಜವಾದದ್ದು. ಭಾರತದ ಸಾಕ್ಷ್ಯಚಿತ್ರಗಳು ಮಣಿಪುರಿಯಲ್ಲಿರಲಿ, ಮರಾಠಿಯಲ್ಲಿರಲಿ, ಅಡಿಬರಹ ಮಾತ್ರ ಬಹುತೇಕ ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ಓದುತ್ತ ಚಿತ್ರ ನೋಡಬಲ್ಲವರು ಹೇಗೂ ಬೇರೆ ದಾರಿಯಿಂದ ನೋಡಿಕೊಳ್ಳುತ್ತಾರೆ. ಉಳಿದವರಿಗಾಗಿ ಎಂಟೂ ಚಿತ್ರಗಳಿಗೆ ಕನ್ನಡ ಅಡಿಬರಹ ಮಾಡಿಸಬೇಕು, ಮಾಡಿದವರಿಗೆ ಸಂಭಾವನೆ ಕೊಡಬೇಕು. ಓದಲಾಗದವರೂ ಸಭೆಯಲ್ಲಿರುತ್ತಾರೆ, ಅವರಿಗಾಗಿ ಒಬ್ಬರು ಮೈಕಿನ ಮುಂದೆ ಕುಳಿತು ಅಡಿಬರಹವನ್ನು ತಗ್ಗಿದ ದನಿಯಲ್ಲಿ ಓದುತ್ತ ಹೋಗಬಹುದು. ಮೂಕಿಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವವರು ಇದ್ದರು, ಅದು ನಮಗೆ ಹೊಸತಲ್ಲ. ಆಕಾಶವಾಣಿ ಕೇಂದ್ರ 1950ರಿಂದ ನಡೆದುಬಂದಿರುವ, ರಂಗಾಯಣವಿರುವ ಊರಿನಲ್ಲಿ ಆ ಕೆಲಸಕ್ಕೆ ಒಳ್ಳೆಯ ದನಿಗಳಿಗೆ ಬರವಿಲ್ಲ.

ಕಾನೂನಿನ ಮಾತನ್ನು ಬಿಡುವಂತಿಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸಾರ್ವಜನಿಕ ಪ್ರದರ್ಶನಕ್ಕೆ ಸಾಕ್ಷ್ಯಚಿತ್ರಕ್ಕೂ ಪ್ರಮಾಣಪತ್ರ ಬೇಕು, ಕೆ. ಎ. ಅಬ್ಬಾಸರು ತಮ್ಮ ಕಿರು ಸಾಕ್ಷ್ಯಚಿತ್ರವೊಂದರ ನಿಮಿತ್ತ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1970ರಲ್ಲಿ ಈ ಪೂರ್ವಪರಿಶೀಲನೆಯನ್ನು ಎತ್ತಿಹಿಡಿದಿದೆ. ಸ್ವಂತ ದುಡ್ಡಿನಲ್ಲಿ ಚಿತ್ರ ಮಾಡಿದ ಅನೇಕರು ಪ್ರಮಾಣಪತ್ರದ ವರೆಗೆ ಹೋಗಿರುವುದಿಲ್ಲ. ಅದೇ ಕಾಯ್ದೆಯ 9ನೇ ಕಲಮಿನಡಿ ಚಿತ್ರೋತ್ಸವಗಳಿಗೆ ಕೇಂದ್ರ ಸರಕಾರ ವಿನಾಯಿತಿ ಕೊಡುತ್ತದೆ. ಲಾಭದ ಉದ್ದೇಶ ಇರಬಾರದು, ನೋಡುವವರು ಪ್ರತಿನಿಧಿಗಳಾಗಿ ನೋಂದಾಯಿಸಿಕೊಂಡಿರಬೇಕು. ನಮ್ಮಂಥ ಸಣ್ಣ ಗುಂಪಿಗೆ ಈ ವಿನಾಯಿತಿ ತರುವುದು ಕಷ್ಟ, ಅಕಾಡೆಮಿಗೆ ಅದು ಪರಿಚಿತ ದಾರಿ. ಹಾಗಾಗಿಯೇ ಬಿಡಿ ಟಿಕೆಟ್ಟಿನ ಬದಲು ತಿಂಗಳ ಪಾಸು ಇರಲಿ ಎನ್ನುತ್ತೇನೆ: ದೊಡ್ಡವರಿಗೆ 300 ರೂಪಾಯಿ, ವಿದ್ಯಾರ್ಥಿಗಳಿಗೆ 100 ರೂಪಾಯಿ ಎಂದಿಟ್ಟುಕೊಳ್ಳಬಹುದು. ಪೂರ್ತಿ ಪುಕ್ಕಟೆ ಮಾಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಹಣ ಕೊಟ್ಟು ಬಂದವರು ಚಿತ್ರವನ್ನು ಕೊನೆಯವರೆಗೆ ನೋಡುತ್ತಾರೆ ಮತ್ತು ಚೆನ್ನಾಗಿಲ್ಲದಿದ್ದರೆ ಹಾಗೆಂದು ಹೇಳುವ ಹಕ್ಕು ತಮಗಿದೆಯೆಂದು ತಿಳಿಯುತ್ತಾರೆ.

ಅನುಮತಿ ಇದ್ದ ಮೇಲೂ ಯಾರೋ ಒಬ್ಬರು ಗದ್ದಲ ಮಾಡುವೆವೆಂದರೆ ಸಾಕು, ಪ್ರದರ್ಶನ ರದ್ದಾಗುವುದನ್ನು ದೇಶದ ಹಲವು ಕಡೆ ಕಂಡಿದ್ದೇವೆ. ಎಸ್. ರಂಗರಾಜನ್ ಪ್ರಕರಣದ 1989ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಪ್ರತಿಭಟನೆಯ ಬೆದರಿಕೆಯನ್ನು ಮುಂದೆ ಮಾಡಿ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಹತ್ತಿಕ್ಕುವಂತಿಲ್ಲ, ರಕ್ಷಣೆ ಕೊಡುವುದು ಸರಕಾರದ ಹೊಣೆ ಎಂದು ಸ್ಪಷ್ಟವಾಗಿ ಹೇಳಿದೆ. ಚಿತ್ರಗಳ ಆಯ್ಕೆ ಒಮ್ಮೆ ಆದ ಮೇಲೆ ಅಕಾಡೆಮಿ ಆ ಆಯ್ಕೆಯ ಬೆನ್ನಿಗೆ ನಿಲ್ಲಬೇಕು. ಚಿತ್ರದಲ್ಲಿ ಹೇಳಿದ್ದು ತಪ್ಪೆನ್ನುವವರಿಗೆ ಆ ಒಂದು ತಾಸಿನ ಮೈಕು ಇದ್ದೇ ಇದೆ. ಅವರನ್ನು ನಾವೇ ಕರೆಯುತ್ತೇವೆ.

ಚಿತ್ರಮಂದಿರಗಳ ಮಾಲೀಕರಲ್ಲಿ ನನ್ನ ವಿನಂತಿ ಬೇರೆಯೇ ಇದೆ. ಒಂಟಿ ಪರದೆಯ ಟಾಕೀಸುಗಳನ್ನು ಉಳಿಸಿಕೊಂಡು ಬರುವುದು ಇಂದು ಎಷ್ಟು ಕಷ್ಟವೆಂಬುದನ್ನು ಬಲ್ಲೆ. ದೊಡ್ಡ ನಗರಗಳಲ್ಲಿ ಸ್ವತಂತ್ರ ಚಿತ್ರಮಂದಿರವೆಂದು ಹೆಮ್ಮೆಯಿಂದ ಕರೆಯುವಂಥದ್ದು ನಮ್ಮಲ್ಲಿ ಇದ್ದರೆ ಅದು ತಮ್ಮದೇ: ಯಾವ ಚಿತ್ರ ಹಚ್ಚಬೇಕೆಂಬ ತೀರ್ಮಾನ ಇನ್ನೂ ಊರಿನಲ್ಲಿಯೇ, ತಮ್ಮ ಕಚೇರಿಯ ಮೇಜಿನ ಮೇಲೆಯೇ ಆಗುತ್ತದೆ. ತಮ್ಮ ಸಭಾಂಗಣದ ಬಾಡಿಗೆಯನ್ನು, ಆಪರೇಟರ್ ಮತ್ತು ಗೇಟಿನವರ ದಿನಗೂಲಿಯನ್ನು ಅಕಾಡೆಮಿ ಕೊಡಲಿ. ತಾವು ಲಾಭವನ್ನು ಬಿಟ್ಟುಕೊಡಿ, ನಷ್ಟ ಮಾಡಿಕೊಳ್ಳುವುದು ಬೇಡ. ರೀಲಿನ ಕಾಲ ಮುಗಿದು ಯುಎಫ್‌ಒ, ಕ್ಯೂಬ್‌ನಂಥ ಡಿಜಿಟಲ್ ವ್ಯವಸ್ಥೆಗಳು ಬಂದ ಮೇಲೆ ಸಾಕ್ಷ್ಯಚಿತ್ರಗಳನ್ನು ಆ ಯಂತ್ರಗಳಿಗೆ ಒಗ್ಗುವ ರೂಪಕ್ಕೆ ತರುವ ಖರ್ಚೂ ಇದೆ, ಅದೂ ಅಕಾಡೆಮಿಯದಾಗಲಿ. ಕಾಲೇಜಿನ ಹಾಲಿನಲ್ಲಿ ಕಿಟಕಿಗೆ ಚಾದರ ಕಟ್ಟಿ, ಫ್ಯಾನಿನ ಸದ್ದಿನ ನಡುವೆ ಚಿತ್ರ ತೋರಿಸಿದಾಗ ಕತ್ತಲ ದೃಶ್ಯಗಳೆಲ್ಲ ಬೂದಿಬಣ್ಣಕ್ಕೆ ತಿರುಗುತ್ತವೆ, ಮುದುಕಿಯೊಬ್ಬಳ ಮೆಲುಮಾತು ಎರಡನೆಯ ಸಾಲಿಗೂ ಮುಟ್ಟುವುದಿಲ್ಲ. ವರ್ಷಗಟ್ಟಲೆ ದುಡಿದು ಮಾಡಿದ ಚಿತ್ರಕ್ಕೆ ಒಮ್ಮೆಯಾದರೂ ತಮ್ಮ ಪರದೆಯೂ ತಮ್ಮ ಸ್ಪೀಕರುಗಳೂ ಸಿಗಬೇಕು. ಮಾಡಿದವರಿಗೂ ಪ್ರತಿ ಪ್ರದರ್ಶನಕ್ಕೆ ಸಂಭಾವನೆ ಸಿಗಬೇಕು. ನೆನಪಿನ ಕಾಣಿಕೆ ಕೊಟ್ಟು ಕಳಿಸುವ ರೂಢಿಯಿಂದ ಅವರ ಮುಂದಿನ ಚಿತ್ರ ತಯಾರಾಗುವುದಿಲ್ಲ.

ಇಲ್ಲಿ ಇನ್ನೂ ಆಗಬೇಕಾದ ಚಿತ್ರಗಳೂ ಬಹಳಿವೆ. ಗರಗದಲ್ಲಿ ನೇಯುವ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ಖಾದಿ ರಾಷ್ಟ್ರಧ್ವಜದ ಕೈಗಳಿಗೆ, 2021ರ ಕೊನೆಯಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕ ಮೇಲೆ ಏನಾಯಿತೆಂಬುದನ್ನು ನಮ್ಮ ಮಕ್ಕಳೇ ಚಿತ್ರಿಸಬೇಕಲ್ಲವೇ? 1905ರಲ್ಲಿ ಸಹಕಾರ ಸಂಘ ಕಟ್ಟಿದ ಕಣಗಿನಹಾಳ, 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತುಂಬು (ತೊಟ್ಟು) ಕೀಳುವ ಹೆಂಗಸರು, ಇವೆಲ್ಲ ಕಾಯುತ್ತಿವೆ. ಫೋನಿನಲ್ಲಿಯೇ ಚಿತ್ರೀಕರಣ ಮಾಡಬಲ್ಲ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿದ್ದಾರೆ. ಒಳ್ಳೆಯ ಸಾಕ್ಷ್ಯಚಿತ್ರ ಎಂಥದೆಂದು ಅವರು ದೊಡ್ಡ ಪರದೆಯ ಮೇಲೆ ನೋಡಿಲ್ಲ, ಅಷ್ಟೇ. ತಿಂಗಳ ಕೊನೆಯ ರವಿವಾರ ಇಂಥವರ ಕಿರುಚಿತ್ರಗಳಿಗೆ ಅರ್ಧ ತಾಸು ಇಡಬೇಕೆಂದು ಕೋರುತ್ತೇನೆ.

ವಿನಾಯಿತಿಯ ಅರ್ಜಿಗೆ, ಅಡಿಬರಹಕ್ಕೆ, ನಿರ್ದೇಶಕರನ್ನು ಗೊತ್ತುಮಾಡುವುದಕ್ಕೆ ಕಾಲಾವಕಾಶ ಬೇಕಾದ್ದರಿಂದ, ಬರುವ ಯುಗಾದಿಯೊಳಗೆ ಅಕಾಡೆಮಿಯ ಪ್ರತಿನಿಧಿಗಳು ಧಾರವಾಡಕ್ಕೆ ಬಂದು ಚಿತ್ರಮಂದಿರಗಳ ಮಾಲೀಕರೊಂದಿಗೆ ಒಂದು ಸಭೆ ನಡೆಸಬೇಕೆಂಬುದು ನಮ್ಮ ಕೋರಿಕೆ. ಸಭೆಗೆ ಬರುವಾಗ ನಾವು ಎಂಟು ಚಿತ್ರಗಳ ಒಂದು ಕರಡು ಪಟ್ಟಿಯನ್ನು, ಅಡಿಬರಹ ಮಾಡಲು ಒಪ್ಪಿದವರ ಮತ್ತು ಪ್ರತಿ ಚಿತ್ರದ ನಂತರ ಮಾತಾಡಬೇಕಾದವರ ಹೆಸರುಗಳನ್ನು ತರುತ್ತೇವೆ. ಪಾಸು ಮಾರುವುದು, ಭಿತ್ತಿಪತ್ರ ಹಚ್ಚುವುದು, ಬೆಳಿಗ್ಗೆ ಒಂಬತ್ತಕ್ಕೆ ಬಂದು ಬಾಗಿಲಲ್ಲಿ ನಿಲ್ಲುವುದು ಇವನ್ನೆಲ್ಲ ನಮ್ಮ ವಿದ್ಯಾರ್ಥಿಗಳು ಮಾಡುತ್ತಾರೆ. ಬೇಂದ್ರೆಯವರ ಚಿತ್ರದ ಪ್ರತಿಗಾಗಿ ಮುಂಬಯಿಗೆ ಬರೆಯಬೇಕಾದ ಪತ್ರವನ್ನು ಮಾತ್ರ ಅಕಾಡೆಮಿಯೇ ಬರೆಯಬೇಕು.

ಇತಿ ತಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ಪ್ರೇಕ್ಷಕಿ